ಲೆವೆಲ್ ಎಷ್ಟಿದ್ದರೆ ಏನು ತಯಾರಿಸಬಹುದು? ರೂನ್‌ಸ್ಕೇಪ್ ಕಮ್ಮಾರಿಕೆ: ಓದುಗರ ಪ್ರಶ್ನೆ, ನಮ್ಮ ಉತ್ತರ

ಓಲ್ಡ್ ಸ್ಕೂಲ್ ರೂನ್‌ಸ್ಕೇಪ್ ಎಂಬ ಆನ್‌ಲೈನ್ ಆಟದ ಸ್ಮಿಥಿಂಗ್, ಅಂದರೆ ಕಮ್ಮಾರಿಕೆ ಕೌಶಲದ ಕುರಿತು ಕೊಡಗಿನ ಓದುಗರು ಕೇಳಿರುವ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು.

ಸ್ಮಿಥಿಂಗ್ 70 ಮುಟ್ಟಿದ ಕೂಡಲೇ ಪ್ಲೇಟ್‌ಬಾಡಿ (ಎದೆಕವಚ) ಮಾಡಲೆಂದು ಅಡಮಂಟ್ ಬಾರ್ (ಲೋಹದ ಗಟ್ಟಿ) ಕೊಂಡೆ. ಅಡಿಗಲ್ಲಿನ (ಲೋಹ ಬಡಿಯುವ ದಿಮ್ಮಿ, ಆನ್ವಿಲ್) ಪಟ್ಟಿಯಲ್ಲಿ ಅದು ತೆರೆಯುತ್ತಲೇ ಇಲ್ಲ. ಯಾಕೆ?
— ಓದುಗರು, ಗೋಣಿಕೊಪ್ಪ

70 ಎಂಬುದು ಅಡಮಂಟ್ ಅದಿರು ಕರಗಿಸುವುದಕ್ಕೆ ಮತ್ತು ಆ ಲೋಹದ ಚೂರಿ ಮಾಡುವುದಕ್ಕೆ ಬೇಕಾದ ಲೆವೆಲ್. ಕಬ್ಬಿಣಕ್ಕೆ 15, ಉಕ್ಕಿಗೆ 30, ಮಿಥ್ರಿಲ್‌ಗೆ 50, ಅಡಮಂಟ್‌ಗೆ 70, ರೂನ್‌ಗೆ 85. ಇದರ ಮೇಲೆ ವಸ್ತುವಿನ ಲೆಕ್ಕ ಸೇರಿಸಬೇಕು: ಸಿಮಿಟರ್‌ಗೆ (ಬಾಗಿದ ಕತ್ತಿ) 5, ಫುಲ್ ಹೆಲ್ಮ್‌ಗೆ (ಶಿರಸ್ತ್ರಾಣ) 7, ಕೈಟ್‌ಶೀಲ್ಡ್‌ಗೆ (ಗುರಾಣಿ) 12, ಎರಡು ಕೈ ಕತ್ತಿಗೆ 14, ಪ್ಲೇಟ್‌ಲೆಗ್ಸ್‌ಗೆ (ಕಾಲುಕವಚ) 16, ಪ್ಲೇಟ್‌ಬಾಡಿಗೆ 18. ಹಾಗಾಗಿ ಅಡಮಂಟ್ ಪ್ಲೇಟ್‌ಬಾಡಿಗೆ 88 ಬೇಕು. ರೂನ್‌ನಲ್ಲಿ ಈ ಲೆಕ್ಕ ಗರಿಷ್ಠ ಲೆವೆಲ್ ಆದ 99 ಮುಟ್ಟುತ್ತದೆ, ಇಲ್ಲವೇ ದಾಟಿಬಿಡುತ್ತದೆ. ಆದ್ದರಿಂದ ಅಲ್ಲಿ ಪ್ಲೇಟ್‌ಬಾಡಿ, ಪ್ಲೇಟ್‌ಲೆಗ್ಸ್, ಎರಡು ಕೈ ಕತ್ತಿ ಮೂರಕ್ಕೂ 99.

ಕೊಂಡ ಬಾರ್‌ಗಳನ್ನು ಬ್ಯಾಂಕಿನಲ್ಲಿಡಿ, ಇಲ್ಲವೇ ಮಾರಿಬಿಡಿ. 70ರಿಂದ 88ಕ್ಕೆ 36 ಲಕ್ಷಕ್ಕೂ ಹೆಚ್ಚು ಎಕ್ಸ್‌ಪಿ (ಲೆವೆಲ್ ಏರಿಸುವ ಅನುಭವದ ಅಂಕ) ಬೇಕು. ಅಲ್ಲಿಯವರೆಗೆ ಅಡಿಗಲ್ಲಿನ ಕೆಲಸಕ್ಕೆ ಮಿಥ್ರಿಲ್ ಪ್ಲೇಟ್‌ಬಾಡಿಯೇ ಮೇಲು. ಕಾರಣ ಸರಳ. ಎಕ್ಸ್‌ಪಿ ಸಿಗುವುದು ವಸ್ತುವಿಗಲ್ಲ, ಬಳಸಿದ ಬಾರ್‌ಗೆ: ಕಬ್ಬಿಣದ ಬಾರ್‌ಗೆ 25, ಉಕ್ಕಿಗೆ 37.5, ಮಿಥ್ರಿಲ್‌ಗೆ 50, ಅಡಮಂಟ್‌ಗೆ 62.5, ರೂನ್‌ಗೆ 75. ಚೂರಿಯಾಗಲಿ ಪ್ಲೇಟ್‌ಬಾಡಿಯಾಗಲಿ, ಒಂದು ವಸ್ತುವಿಗೆ ಸುಮಾರು 3 ಸೆಕೆಂಡ್ ಹಿಡಿಯುತ್ತದೆ. ಪ್ಲೇಟ್‌ಬಾಡಿ ಒಂದೇ ಏಟಿಗೆ 5 ಬಾರ್ ನುಂಗುವುದರಿಂದ ಮಿಥ್ರಿಲ್‌ನದಕ್ಕೆ 250 ಎಕ್ಸ್‌ಪಿ ಬರುತ್ತದೆ. ನಿಮಗೆ ಈಗ ತೆರೆದಿರುವ, ಮುಂದೆ 88ರೊಳಗೆ ತೆರೆಯುವ ಅಡಮಂಟ್ ವಸ್ತುಗಳಿಗೆ ಹೆಚ್ಚೆಂದರೆ 3 ಬಾರ್, ಅಂದರೆ 187.5. 87ಕ್ಕೆ ಬಂದಾಗ ಡ್ವಾರ್ವೆನ್ ಸ್ಟೌಟ್ ಕುಡಿದರೆ ಲೆವೆಲ್ ತಾತ್ಕಾಲಿಕವಾಗಿ 1 ಏರುತ್ತದೆ. ಆ ಹೊತ್ತಿನಲ್ಲಿ ಪ್ಲೇಟ್‌ಬಾಡಿ ಮಾಡಬಹುದು.

ಕಬ್ಬಿಣದ ಅದಿರು ಅರ್ಧಕ್ಕರ್ಧ ಹಾಳಾಗುತ್ತಿದೆ. ಲೆವೆಲ್ ಏರಿದರೆ ಸರಿಹೋಗುತ್ತದೆಯೇ?
— ಓದುಗರು, ಸೋಮವಾರಪೇಟೆ

ಇಲ್ಲ. ಸಾಮಾನ್ಯ ಕುಲುಮೆಯಲ್ಲಿ ಕಬ್ಬಿಣ ಕೈಗೂಡುವ ಸಾಧ್ಯತೆ ಲೆವೆಲ್ 15ರಲ್ಲೂ 90ರಲ್ಲೂ ಶೇ. 50. ಹಾಳಾದ ಅದಿರಿಗೆ ಎಕ್ಸ್‌ಪಿಯೂ ಇಲ್ಲ. ದಾರಿಗಳು ಮೂರು. ರಿಂಗ್ ಆಫ್ ಫೋರ್ಜಿಂಗ್ ತೊಟ್ಟರೆ 140 ಅದಿರು ಒಂದೂ ಹಾಳಾಗದೆ ಕರಗುತ್ತವೆ, ಆಮೇಲೆ ಉಂಗುರ ಕರಗಿಹೋಗುತ್ತದೆ. ಮ್ಯಾಜಿಕ್ ಲೆವೆಲ್ 43 ಇದ್ದರೆ, ಅದಿರು ಕರಗಿಸುವ ಸೂಪರ್‌ಹೀಟ್ ಮಂತ್ರಕ್ಕೆ ಸೋಲಿಲ್ಲ. ಪ್ರತಿ ಸಲ 1 ನೇಚರ್ ರೂನ್, 4 ಫೈರ್ ರೂನ್ ಖರ್ಚು (ಇವು ಮಂತ್ರದ ಕಲ್ಲುಗಳು, ರೂನ್ ಲೋಹವಲ್ಲ). ಮೂರನೆಯದು, ಲೆವೆಲ್ 30 ಆದ ಮೇಲೆ ಅದೇ ಅದಿರಿಗೆ 2 ಕಲ್ಲಿದ್ದಲು ಸೇರಿಸಿ ಉಕ್ಕು ಮಾಡುವುದು. ಉಕ್ಕು ಹಾಳಾಗುವುದಿಲ್ಲ. ಚೀಲದ 28 ಜಾಗದಲ್ಲಿ 9 ಅದಿರು, 18 ಕಲ್ಲಿದ್ದಲು ಹಾಕಿ. 9 ಬಾರ್ ಬರುತ್ತದೆ. ಕಲ್ಲಿದ್ದಲು ಒಂದು ಕಡಿಮೆ ಬಿದ್ದರೂ ಕೊನೆಯ ಅದಿರು ಹಾಗೇ ಉಳಿದು ಚೀಲದ ಜಾಗ ವ್ಯರ್ಥ.

ಇನ್ನೂ ಲೆವೆಲ್ 1ರ ಆಸುಪಾಸಿನಲ್ಲಿದ್ದರೆ ಕಬ್ಬಿಣ ಬಡಿಯಲು ಹೋಗಲೇಬೇಡಿ. ನೈಟ್ಸ್ ಸ್ವೋರ್ಡ್ ಎಂಬ ಕ್ವೆಸ್ಟ್ (ಕಥೆಯ ರೂಪದ ಸವಾಲು) ಮುಗಿಸಿದರೆ 12,725 ಎಕ್ಸ್‌ಪಿ ಒಟ್ಟಿಗೆ ಬಂದು 1ರಿಂದ ನೇರ 29ಕ್ಕೆ ಏರುತ್ತೀರಿ. ಇದಕ್ಕೆ ಮೈನಿಂಗ್ 10, ಒಂದು ರೆಡ್‌ಬೆರಿ ಪೈ, 2 ಕಬ್ಬಿಣದ ಬಾರ್, ಒಂದು ಗುದ್ದಲಿ ಸಾಕು. ಅದಕ್ಕೆ ಬೇಕಾದ ಬ್ಲೂರೈಟ್ ಅದಿರು ಇರುವ ಹಿಮಗುಹೆಯಲ್ಲಿ ಐಸ್ ಜೈಂಟ್‌ಗಳು ಕಂಡ ಕೂಡಲೇ ಮೇಲೆ ಬೀಳುತ್ತವೆ. ಊಟದ ಸಾಮಾನು ತುಂಬಿಕೊಂಡೇ ಇಳಿಯಿರಿ.

ಜೈಂಟ್ಸ್ ಫೌಂಡ್ರಿಯಲ್ಲಿ ನನ್ನ ಕತ್ತಿಯ ಗುಣಮಟ್ಟ ಯಾವಾಗಲೂ ಕಮ್ಮಿ. ತಪ್ಪು ಎಲ್ಲಿ?
— ಓದುಗರು, ಮಡಿಕೇರಿ

ಫೌಂಡ್ರಿ ಎಂದರೆ ಕೋವಾಕ್ ಎಂಬ ದೈತ್ಯ ಕೇಳುವಂಥ ದೊಡ್ಡ ಕತ್ತಿ ಮಾಡಿಕೊಡುವ, ಆಟದೊಳಗಿನ ಒಂದು ಆಟ. ತಪ್ಪು ಮೂರು ಕಡೆ ಆಗಿರಬಹುದು, ಒಂದೊಂದಾಗಿ ನೋಡೋಣ.

ಮೊದಲನೆಯದು ಲೋಹ. ಮೂಸೆಗೆ 28 ಬಾರ್ ಹಿಡಿಯುತ್ತದೆ. ಒಂದೇ ಲೋಹ ತುಂಬಿದರೆ ಗುಣಮಟ್ಟ ಏರುವುದಿಲ್ಲ. ನಿಮ್ಮ ಲೆವೆಲ್‌ಗೆ ಒಗ್ಗುವ ಮೇಲಿನ ಎರಡು ಲೋಹಗಳನ್ನು 14-14 ಹಾಕಿ: 30 ದಾಟಿದವರು ಕಬ್ಬಿಣ-ಉಕ್ಕು, 50 ದಾಟಿದವರು ಉಕ್ಕು-ಮಿಥ್ರಿಲ್. ಬಾರ್ ದುಬಾರಿಯಿದ್ದರೆ ಪೇಟೆಯಲ್ಲಿ ಅಗ್ಗಕ್ಕೆ ಸಿಗುವ ಪ್ಲೇಟ್‌ಬಾಡಿ ಹಾಕಬಹುದು, ಒಂದು ಪ್ಲೇಟ್‌ಬಾಡಿ 4 ಬಾರ್‌ಗೆ ಸಮ.

ಎರಡನೆಯದು ಅಚ್ಚು. ಕೋವಾಕ್ ಕೇಳುವ ಎರಡು ಗುಣಗಳಿಗೆ, ಉದಾಹರಣೆಗೆ ಅಗಲ ಮತ್ತು ಭಾರ, ಹೆಚ್ಚು ಅಂಕ ಕೊಡುವ ಅಚ್ಚನ್ನು ಫೋರ್ಟೆ (ಹಿಡಿಯ ಬಳಿಯ ಭಾಗ), ಬ್ಲೇಡ್ (ಅಲಗು), ಟಿಪ್ (ತುದಿ) ಮೂರಕ್ಕೂ ಬೇರೆ ಬೇರೆಯಾಗಿ ಆರಿಸಬೇಕು. ಹಿಂದಿನ ಕತ್ತಿಯ ಅಚ್ಚನ್ನೇ ಬಿಟ್ಟರೆ ಅಲ್ಲೇ ಅಂಕ ಹೋಯಿತು.

ಮೂರನೆಯದು ಕಾವು. ಹೆಚ್ಚಿನವರು ಎಡವುವುದು ಇಲ್ಲೇ. ಕುಲುಮೆಯಲ್ಲಿ ಕಬ್ಬಿಣದ ಬಣ್ಣ ನೋಡಿ ಕಮ್ಮಾರರು ಬಡಿಯುವ ಹಾಗೆ, ಇಲ್ಲಿ ಕಾವಿನ ಪಟ್ಟಿಯ ಬಣ್ಣ ನೋಡಿ ಯಂತ್ರಕ್ಕೆ ಹೋಗಬೇಕು. ಕೆಂಪಿನಲ್ಲಿ ಟ್ರಿಪ್ ಹ್ಯಾಮರ್, ಹಳದಿಯಲ್ಲಿ ಸಾಣೆಕಲ್ಲು, ಹಸಿರಿನಲ್ಲಿ ಪಾಲಿಶ್ ಚಕ್ರ. ಮರೆಯಬಾರದ ಸಂಗತಿ ಎಂದರೆ ಸುತ್ತಿಗೆ ಮತ್ತು ಪಾಲಿಶ್ ಚಕ್ರ ಕತ್ತಿಯನ್ನು ತಣಿಸುತ್ತವೆ, ಸಾಣೆಕಲ್ಲು ಕಾಯಿಸುತ್ತದೆ. ಆದ್ದರಿಂದ ಸುತ್ತಿಗೆಗೆ ಹೋಗುವಾಗ ಸೂಚಿ ಕೆಂಪಿನ ಮೇಲ್ತುದಿಯಲ್ಲಿರಲಿ, ಪಾಲಿಶಿಗೆ ಹಸಿರಿನ ಮೇಲ್ತುದಿಯಲ್ಲಿ, ಸಾಣೆಗೆ ಮಾತ್ರ ಹಳದಿಯ ಕೆಳತುದಿಯಲ್ಲಿ. ಆಗ ನಡುವೆ ಎದ್ದು ಓಡದೆ ಇಡೀ ಭಾಗ ಮುಗಿಯುತ್ತದೆ. ಸೂಚಿ ಬಣ್ಣದಿಂದ ಹೊರಗೆ ಜಾರಿದ ಮೇಲೂ ಕೆಲಸ ಮುಂದುವರಿಸಿದರೆ ಗುಣಮಟ್ಟ ಇಳಿಯುತ್ತಾ ಹೋಗುತ್ತದೆ. ಲಾವಾ ಕೊಳದಲ್ಲಿ ‘ಹೀಟ್’ ನಿಧಾನ, ‘ಡಂಕ್’ ಜೋರು. ಜಲಪಾತದಲ್ಲಿ ‘ಕೂಲ್’ ನಿಧಾನ, ‘ಕ್ವೆಂಚ್’ ಜೋರು. ಕೈ ಪಳಗುವವರೆಗೆ ನಿಧಾನದವನ್ನೇ ಬಳಸಿ.

ಹೊರಡುವ ಮುನ್ನ: ಕೈಯಲ್ಲಿ ಆಯುಧ, ಗುರಾಣಿ ಇರಬಾರದು. ಅಚ್ಚಿನಿಂದ ಕತ್ತಿ ಎತ್ತಲು ಐಸ್ ಗ್ಲವ್ಸ್ ಅಥವಾ ಒಂದು ಬಕೆಟ್ ನೀರು ಬೇಕು. ಫೌಂಡ್ರಿಗೆ ಮೆಂಬರ್‌ಶಿಪ್, ಸ್ಮಿಥಿಂಗ್ 15 ಮತ್ತು ಸ್ಲೀಪಿಂಗ್ ಜೈಂಟ್ಸ್ ಕ್ವೆಸ್ಟ್ ಕಡ್ಡಾಯ.

ಮಾಡಿದ್ದೆಲ್ಲ ನಷ್ಟಕ್ಕೆ ಹೋಗುತ್ತಿದೆ. ಲಾಭ ಬರುವ ವಸ್ತು ಯಾವುದು?
— ಓದುಗರು, ಕುಶಾಲನಗರ

ಒಂದೇ ವಸ್ತುವಿನ ಹೆಸರು ಹೇಳಿದರೆ ಮುಂದಿನ ವಾರಕ್ಕೆ ಅದು ಸುಳ್ಳಾಗಬಹುದು; ಬಾರಿನ ಬೆಲೆ ದಿನವೂ ಬದಲಾಗುತ್ತದೆ. ಬದಲಾಗದ ಅಂಕಿ, ವಸ್ತುವನ್ನು ನಾಣ್ಯವಾಗಿಸುವ ಹೈ ಆಲ್ಕೆಮಿಯದು. ಮ್ಯಾಜಿಕ್ 55ರ ಆ ಮಂತ್ರಕ್ಕೆ ಉಕ್ಕಿನ ಪ್ಲೇಟ್‌ಬಾಡಿ 1,200 ನಾಣ್ಯ ಕೊಡುತ್ತದೆ, ಮಿಥ್ರಿಲ್‌ನದು 3,120, ಅಡಮಂಟ್‌ನದು 9,984, ರೂನ್‌ನದು 39,000. ಇದರಲ್ಲಿ ನೇಚರ್ ರೂನ್‌ನ ಬೆಲೆ ಕಳೆದು 5ರಿಂದ ಭಾಗಿಸಿ. ಬಾರ್ ಅದಕ್ಕಿಂತ ಅಗ್ಗವಾಗಿ ಸಿಕ್ಕಿದರೆ ಮಾತ್ರ ಕೊಳ್ಳಿ.

ಅದಿರಿನಿಂದಲೇ ಮಾಡುವವರು ಬ್ಲಾಸ್ಟ್ ಫರ್ನೇಸ್ ಎಂಬ ದೊಡ್ಡ ಕುಲುಮೆಗೆ ಹೋಗಿ, ಅಲ್ಲಿ ಕಲ್ಲಿದ್ದಲು ಅರ್ಧ ಸಾಕು. ರೂನ್ ಬಾರ್‌ಗೆ 8ರ ಬದಲು 4. ಆದರೆ ಸ್ಮಿಥಿಂಗ್ 60 ಆಗದವರು 10 ನಿಮಿಷಕ್ಕೆ 2,500 ನಾಣ್ಯ ಮೇಸ್ತ್ರಿಗೆ ತೆರಬೇಕು. ಕುಲುಮೆ ನಡೆಸುವ ಕೆಲಸಗಾರರ ಕೂಲಿಗೆಂದು ನೀವು ಹಣ ಹಾಕುವ ಪೆಟ್ಟಿಗೆಯಿಂದ ಗಂಟೆಗೆ 72,000 ನಾಣ್ಯ ಹೋಗುವುದು ಬೇರೆ. ಸಣ್ಣ ಪ್ರಮಾಣದ ಕೆಲಸಕ್ಕೆ ಅದು ಹೊಂದುವುದಿಲ್ಲ.

ನಮ್ಮ ಕೊಡವರ ಒಡಿಕತ್ತಿಯಂಥದ್ದನ್ನು ಆಟದಲ್ಲಿ ಮಾಡಬಹುದೇ? ಮಳೆಗಾಲದಲ್ಲಿ ನೆಟ್‌ವರ್ಕ್ ಹೋಗುತ್ತಿರುತ್ತದೆ, ಆಗ ಯಾವ ಕೆಲಸ ಸೂಕ್ತ?
— ಓದುಗರು, ವಿರಾಜಪೇಟೆ

ಒಡಿಕತ್ತಿ ಇಲ್ಲ. ಬಾಗಿದ ಕತ್ತಿ ಬೇಕೆಂದರೆ ಸಿಮಿಟರ್ ಇದೆ: 2 ಬಾರ್, ಉಕ್ಕಿನದಕ್ಕೆ 35, ರೂನ್‌ನದಕ್ಕೆ 90. ಒಡಿಕತ್ತಿಯ ಹರಿತ ಒಳಬಾಗಿನಲ್ಲಿ, ಸಿಮಿಟರ್‌ನದು ಹೊರಬಾಗಿನಲ್ಲಿ, ಹೋಲಿಕೆ ಅಷ್ಟಕ್ಕೇ.

ನೆಟ್‌ವರ್ಕ್ ಕೈಕೊಡುವ ದಿನ ವ್ಯಾರಕ್ ನಗರದ ಪಶ್ಚಿಮ ಬ್ಯಾಂಕಿನ ದಕ್ಷಿಣದ ಅಡಿಗಲ್ಲಿನಲ್ಲಿ ಪ್ಲೇಟ್‌ಬಾಡಿ ಮಾಡಿ. ಸುತ್ತಿಗೆಯೊಂದು, 25 ಬಾರ್. ಸಂಪರ್ಕ ಕಡಿದರೂ ಉಳಿದ ಬಾರ್ ಚೀಲದಲ್ಲೇ ಇರುತ್ತದೆ, ಮತ್ತೆ ಬಂದು ಒತ್ತಿದರಾಯಿತು. ಬ್ಲಾಸ್ಟ್ ಫರ್ನೇಸ್ ಅಂಥ ದಿನಕ್ಕಲ್ಲ. ನೈಟ್ಸ್ ಸ್ವೋರ್ಡ್‌ನ ಹಿಮಗುಹೆಗಂತೂ ಸಿಗ್ನಲ್ ಗಟ್ಟಿಯಿರುವಾಗಲೇ ಇಳಿಯಿರಿ: ಹೊಡೆತ ಬೀಳುತ್ತಿರುವಾಗ ಸಂಪರ್ಕ ಕಡಿದರೆ ನಿಮ್ಮ ಪಾತ್ರ ಕೂಡಲೇ ಲಾಗ್‌ಔಟ್ ಆಗುವುದಿಲ್ಲ, ಅಲ್ಲೇ ನಿಂತು ಏಟು ತಿನ್ನುತ್ತಿರುತ್ತದೆ.