ಕಾರ್ಡ್ ಎತ್ತಲಿ, ಕಾರಣ ಹೇಳಲಿ: ಶಿಕ್ಷಕರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಏಳನೇ ತರಗತಿಯಲ್ಲಿ 52 ಮಕ್ಕಳು. ಗುಂಪು ಮಾಡಿದರೆ ಗದ್ದಲ, ಪ್ರಶ್ನೆ ಕೇಳಿದರೆ ಮುಂದಿನ ಬೆಂಚಿನ ಅದೇ ನಾಲ್ಕು ಕೈ ಏಳುತ್ತವೆ. ಉಳಿದವರಿಗೆ ತಿಳಿದಿದೆಯೋ ಇಲ್ಲವೋ ಎಂಬುದು ಪರೀಕ್ಷೆಯವರೆಗೂ ಗೊತ್ತಾಗುವುದಿಲ್ಲ. ಏನು ಮಾಡಲಿ?
– ಗಣಿತ ಶಿಕ್ಷಕಿ, ಸೇಡಂ ತಾಲ್ಲೂಕು, ಕಲಬುರಗಿ ಜಿಲ್ಲೆ

ಉತ್ತರ: ಸದ್ಯಕ್ಕೆ ಗುಂಪು ಬೇಡ ಟೀಚರ್. ಪಕ್ಕದಲ್ಲಿ ಕೂತವರ ಜೊತೆ ಮಾತಾಡಿದರೂ ಸಾಕು, ಬೆಂಚು ಸರಿಸುವ ಕೆಲಸವೂ ಉಳಿಯುತ್ತದೆ. ಪ್ರತಿ ಮಗುವಿಗೆ ನಾಲ್ಕು ಕಾರ್ಡು ಬೇಕು. ಎ4 ಅಳತೆಯ ದಪ್ಪ ಹಾಳೆಯನ್ನು ನಾಲ್ಕು ತುಂಡು ಮಾಡಿ ಕ, ಚ, ಟ, ಪ ಎಂದು ದೊಡ್ಡದಾಗಿ ಬರೆಸಿ, ಒಂದೊಂದಕ್ಕೂ ಬೇರೆ ಬಣ್ಣ ಹಾಕಿಸಿ. ಅ, ಆ, ಇ, ಈ ಬರೆದರೆ ದೂರದಿಂದ ಗುರುತು ಹತ್ತುವುದಿಲ್ಲ. 1, 2, 3, 4 ಬರೆದರೆ ಗಣಿತದ ಉತ್ತರದ ಜೊತೆ ಕಲಸಿಹೋಗುತ್ತದೆ.

ಇಲ್ಲಿ ಶ್ರಮ ಇರುವುದು ಕಾರ್ಡಿನಲ್ಲಲ್ಲ, ಪ್ರಶ್ನೆಯಲ್ಲಿ. ದಶಮಾಂಶದ ಪಾಠಕ್ಕೆ ಈ ಪ್ರಶ್ನೆ ನೋಡಿ: ಯಾವುದು ದೊಡ್ಡದು? ಕ) 0.3 ಚ) 0.47 ಟ) 0.125 ಪ) ಮೂರೂ ಸಮ. 'ಟ' ಎತ್ತಿದ ಮಗು 125 ದೊಡ್ಡದು ಎಂದು ಪೂರ್ಣಸಂಖ್ಯೆಯ ಲೆಕ್ಕ ಹಾಕಿದೆ. 'ಕ' ಎತ್ತಿದ ಮಗು ಬಿಂದುವಿನ ನಂತರ ಅಂಕಿ ಕಡಿಮೆ ಇದ್ದಷ್ಟೂ ಬೆಲೆ ಹೆಚ್ಚು ಎಂದುಕೊಂಡಿದೆ. ಇದೇ ಪ್ರಶ್ನೆಯನ್ನು 0.6, 0.45, 0.125 ಎಂದು ಕೇಳಿದ್ದರೆ ಈ ಎರಡನೆಯ ಮಗು ತಪ್ಪು ತಿಳಿವಳಿಕೆಯಿಂದಲೇ ಸರಿಯುತ್ತರ ಕೊಟ್ಟು ನಿಮ್ಮ ಕಣ್ತಪ್ಪಿಸುತ್ತಿತ್ತು. ಹಾಗಾಗಿ ತಪ್ಪು ಆಯ್ಕೆಗಳನ್ನು ಮಕ್ಕಳ ನೋಟ್‌ಬುಕ್ಕಿನಿಂದಲೇ ಆರಿಸಿಕೊಳ್ಳಿ.

ಪ್ರಶ್ನೆ ಬರೆದ ಮೇಲೆ ಒಂದು ನಿಮಿಷ ಯಾರೂ ಮಾತಾಡಬಾರದು. ಆಮೇಲೆ ಒಂದು, ಎರಡು, ಮೂರು ಎಂದಾಗ ಎಲ್ಲರೂ ಒಟ್ಟಿಗೆ ಕಾರ್ಡನ್ನು ಎದೆಗೆ ಹಿಡಿಯಬೇಕು. ತಲೆಯ ಮೇಲೆ ಎತ್ತಿದರೆ ಬಣ್ಣ ಹಾಳೆಯ ಹಿಂದಕ್ಕೂ ಕಾಣಿಸಿ ಹಿಂದಿನವರು ನಕಲು ಮಾಡುತ್ತಾರೆ. ಆಗ ನೀವು ತಲೆ ಆಡಿಸಬೇಡಿ, 'ಶಾಭಾಸ್' ಅನ್ನಬೇಡಿ. ನಿಮ್ಮ ಮುಖ ನೋಡಿಯೇ ಅರ್ಧ ಮಕ್ಕಳು ಉತ್ತರ ಬದಲಿಸುತ್ತಾರೆ.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1990ರ ದಶಕದ ಆರಂಭದಲ್ಲಿ ರೂಢಿಗೆ ತಂದ ಈ ಪದ್ಧತಿಗೆ ಒಂದು ಅಂದಾಜಿದೆ. ಸರಿಯುತ್ತರ ಶೇ 30ಕ್ಕಿಂತ ಕಡಿಮೆ ಬಂದರೆ ಚರ್ಚೆಗೆ ಬಿಡದೆ ಪಾಠವನ್ನೇ ಮತ್ತೆ ಹೇಳಿ. 30ರಿಂದ 70ರ ನಡುವೆ ಇದ್ದರೆ, ಬೇರೆ ಕಾರ್ಡು ಎತ್ತಿದ ಪಕ್ಕದವರಿಗೆ ಕಾರಣ ಹೇಳಲು ಎರಡು–ಮೂರು ನಿಮಿಷ ಕೊಟ್ಟು ಮತ್ತೊಮ್ಮೆ ಕಾರ್ಡು ಎತ್ತಿಸಿ. 70 ದಾಟಿದ್ದರೆ ಒಂದೆರಡು ಮಾತಿನಲ್ಲಿ ವಿವರಿಸಿ ಮುಂದೆ ಹೋಗಿ. 'ಅದ್ರಾಗ ಅಂಕಿ ಜಾಸ್ತಿ ಅವರಿ' ಎಂಬ ಮಾತು ಕಿವಿಗೆ ಬಿದ್ದರೆ ತಿದ್ದಲು ಓಡಬೇಡಿ, ಪಕ್ಕದ ಮಗು ಏನು ಹೇಳುತ್ತದೆ ಎಂದು ಮೊದಲು ಕೇಳಿ. 40 ನಿಮಿಷದ ಅವಧಿಗೆ ಇಂಥ ಪ್ರಶ್ನೆ ಎರಡು ಸಾಕು.

ವಿವರಿಸುವಾಗ ರೂಪಾಯಿ–ಪೈಸೆಯ ಉದಾಹರಣೆ ಇಲ್ಲಿ ಕೈಕೊಡುತ್ತದೆ. 0.3 ಅಂದರೆ 3 ಪೈಸೆ ಎಂದುಕೊಳ್ಳುವ ಮಕ್ಕಳಿರುತ್ತಾರೆ, 0.125ಕ್ಕೆ ಪೈಸೆಯಲ್ಲಿ ಅರ್ಥವೇ ಇಲ್ಲ. 100 ಚೌಕದ ಹಾಳೆಯಲ್ಲಿ 30 ಚೌಕ, 47 ಚೌಕ, ಹನ್ನೆರಡೂವರೆ ಚೌಕಕ್ಕೆ ಬಣ್ಣ ಹಾಕಿಸಿ.

ಲೆಕ್ಕ ಇಡಲು ಪ್ಲಿಕರ್ಸ್ ಆ್ಯಪ್ ಬಳಸಬಹುದು. ಮಕ್ಕಳ ಕೈಯಲ್ಲಿ ಕಪ್ಪು ಚಿತ್ರ ಮುದ್ರಿಸಿದ ಕಾಗದ, ನಿಮ್ಮ ಕೈಯಲ್ಲಿ ಅದನ್ನು ಕ್ಯಾಮೆರಾದಿಂದ ಓದುವ ಒಂದೇ ಮೊಬೈಲು. ಕಾಗದ ಹಿಡಿದ ದಿಕ್ಕೇ ಉತ್ತರ. ಹೊಳಪಿನ ಲ್ಯಾಮಿನೇಶನ್ ಮಾಡಿಸಬೇಡಿ, ಕಿಟಕಿಯ ಬೆಳಕು ಹೊಡೆದು ಕ್ಯಾಮೆರಾ ಓದುವುದಿಲ್ಲ. ಬೆರಳು ಕಪ್ಪು ಚಿತ್ರವನ್ನು ಮುಚ್ಚಿದರೂ ಅಷ್ಟೇ.

ಪ್ರಶ್ನೆ: ಶಾಲೆಗೆ 43 ಇಂಚಿನ ಸ್ಮಾರ್ಟ್ ಟಿವಿ ಬಂದಿದೆ. ವಿದ್ಯುತ್ ಪಾಠದ ವಿಡಿಯೊ ಹಾಕಿದರೆ ಖುಷಿಯಿಂದ ನೋಡುತ್ತಾರೆ, ಮರುದಿನ ಕೇಳಿದರೆ ಏನೂ ನೆನಪಿರುವುದಿಲ್ಲ. ನೆಟ್ಟೂ ಸರಿಯಿಲ್ಲ.
– ವಿಜ್ಞಾನ ಶಿಕ್ಷಕರು, ಸುರಪುರ ತಾಲ್ಲೂಕು, ಯಾದಗಿರಿ ಜಿಲ್ಲೆ

ಉತ್ತರ: ಮೊದಲು ಟೇಪು ಹಿಡಿಯಿರಿ ಸರ್. ಪರದೆಯ ಮೇಲಿನ ಅಕ್ಷರ ಓದಲು ಪರದೆಯ ಎತ್ತರದ ಸುಮಾರು ಆರು ಪಟ್ಟು ದೂರದೊಳಗೆ ಕೂರಬೇಕು. 43 ಇಂಚಿನ ಟಿವಿಯ ಎತ್ತರ ಸುಮಾರು 54 ಸೆಂ.ಮೀ., ಅಂದರೆ ಮೂರೂಕಾಲು ಮೀಟರ್ ಒಳಗೆ. ಅದರಾಚೆ ಕೂತವರು ಚಿತ್ರ ನೋಡುತ್ತಾರೆ, ಅಕ್ಷರ ಓದುವುದಿಲ್ಲ. ಮುಖ್ಯ ಪದಗಳನ್ನು ಬೋರ್ಡಿನ ಮೇಲೂ ಬರೆಯಿರಿ. ಆಗದಿದ್ದರೆ ಮಕ್ಕಳನ್ನು ಎರಡು ತಂಡ ಮಾಡಿ ತೋರಿಸಿ.

ನೆನಪು ಉಳಿಯದಿರಲು ಕಾರಣ, ನೋಡುವ ಮೊದಲು ಮಗು ಏನನ್ನೂ ಊಹಿಸಿರುವುದಿಲ್ಲ. ಎರಡು ಟಾರ್ಚ್ ಬಲ್ಬು ಸರಣಿಯಲ್ಲಿ, ಒಂದೂವರೆ ವೋಲ್ಟಿನ ಎರಡು ಸೆಲ್. 'ಒಂದು ಬಲ್ಬು ಬಿಚ್ಚಿದರೆ ಇನ್ನೊಂದು ಏನಾಗುತ್ತದೆ? ಬರೆಯಿರಿ' ಅನ್ನಿ. ಬರೆದ ಮೇಲೆಯೇ ಬಿಚ್ಚಿ ತೋರಿಸಿ. ಎರಡೂ ಬಲ್ಬು ಒಂದೇ ಮಾದರಿಯವಾಗಿರಲಿ, ಬೇರೆಬೇರೆ ಇದ್ದರೆ ಬೆಳಕು ಹೆಚ್ಚುಕಡಿಮೆಯಾಗಿ 'ಮೊದಲ ಬಲ್ಬು ಕರೆಂಟು ತಿಂದುಬಿಡುತ್ತದೆ' ಎಂಬ ತಪ್ಪು ಕಲ್ಪನೆ ಇನ್ನೂ ಗಟ್ಟಿಯಾಗುತ್ತದೆ. ಎಲ್‌ಇಡಿ ಬೇಡ, ಧನ–ಋಣ ತಿರುಗಿದರೆ ಉರಿಯುವುದಿಲ್ಲ.

ಟಿವಿ ಬೇಕಾಗುವುದು ಇದಾದ ಮೇಲೆ, ಕಣ್ಣಿಗೆ ಕಾಣದ ಎಲೆಕ್ಟ್ರಾನಿನ ಹರಿವು ತೋರಿಸಲು. ಕೊಲರಾಡೊ ವಿಶ್ವವಿದ್ಯಾಲಯದ ಫೆಟ್ ಸಿಮ್ಯುಲೇಶನ್‌ಗಳು (ಪರದೆಯ ಮೇಲೆಯೇ ಮಾಡಿ ನೋಡುವ ಪ್ರಯೋಗಗಳು) ಉಚಿತ. ನೆಟ್ ಇರುವ ಕಡೆ ಇಳಿಸಿಕೊಂಡು ಲ್ಯಾಪ್‌ಟಾಪಿನಲ್ಲಿಟ್ಟರೆ ಬ್ರೌಸರಿನಲ್ಲೇ ತೆರೆಯುತ್ತವೆ. ಸರ್ಕಾರದ ಕಲಿಕಾ ಆ್ಯಪ್ ದೀಕ್ಷಾದ ವಿಡಿಯೊಗಳನ್ನೂ ಹಿಂದಿನ ದಿನವೇ ಡೌನ್‌ಲೋಡ್ ಮಾಡಿಡಿ. ವಿಡಿಯೊವನ್ನು ಒಂದೇ ಸಲಕ್ಕೆ ಓಡಿಸದೆ, ಮೂರ್ನಾಲ್ಕು ನಿಮಿಷಕ್ಕೊಮ್ಮೆ ನಿಲ್ಲಿಸಿ 'ಮುಂದೇನಾಗುತ್ತದೆ?' ಎಂದು ಬರೆಸಿ.

ಪ್ರಶ್ನೆ: ನಮ್ಮಲ್ಲಿ ಅರ್ಧ ಮಕ್ಕಳ ಮನೆಮಾತು ಮರಾಠಿ, ಕೆಲವರದು ದಖನಿ. ಚರ್ಚೆ ಅಂದರೆ ಸುಮ್ಮನಾಗುತ್ತಾರೆ.
– ಶಿಕ್ಷಕಿ, ಔರಾದ್ ತಾಲ್ಲೂಕು, ಬೀದರ್ ಜಿಲ್ಲೆ

ಉತ್ತರ: ಇಬ್ಬಿಬ್ಬರು ಮಾತಾಡುವಾಗ ಯಾವ ಭಾಷೆಯಾದರೂ ಇರಲಿ, ತಡೆಯಬೇಡಿ. ತರಗತಿಗೆ ಹೇಳುವಾಗ ಮಾತ್ರ ಕನ್ನಡ. ಅದಕ್ಕೆ ಬೋರ್ಡಿನ ಮೂಲೆಯಲ್ಲಿ ಅರ್ಧ ವಾಕ್ಯ ಬರೆದಿಡಿ: 'ನನ್ನ ಉತ್ತರ ___, ಯಾಕಂದ್ರ ___', 'ನಾನು ಒಪ್ಪೂದಿಲ್ಲ, ಯಾಕಂದ್ರ ___'. ಒಂದೇ ಮನೆಮಾತಿನ ಇಬ್ಬರಲ್ಲಿ ಒಬ್ಬರಿಗಾದರೂ ಕನ್ನಡ ಚೆನ್ನಾಗಿ ಬರುವಂತೆ ಜೋಡಿ ಮಾಡಿ. ಆದರೆ ಪ್ರತಿದಿನ ಅವರೇ ಎದ್ದು ಹೇಳದ ಹಾಗೆ, ಹೇಳುವ ಸರದಿಯನ್ನು ದಿನ ಬಿಟ್ಟು ದಿನ ಬದಲಿಸಿ.