ವಿಎಆರ್ ಬಂದ ಮೇಲೂ ಫುಟ್‌ಬಾಲ್ ತೀರ್ಪುಗಳ ಜಗಳ ಏಕೆ ನಿಂತಿಲ್ಲ? ಆ ಹೆಸರನ್ನು ಹೇಳುವುದು ಹೇಗೆ?

ವಿಎಆರ್ (ವಿಡಿಯೊ ಅಸಿಸ್ಟೆಂಟ್ ರೆಫರಿ, ಅಂದರೆ ವಿಡಿಯೊ ನೋಡಿ ರೆಫರಿಗೆ ನೆರವಾಗುವ ವ್ಯವಸ್ಥೆ) ಇರುವುದು ಪ್ರತಿ ತೀರ್ಪನ್ನೂ ಮರುಪರಿಶೀಲಿಸಿ ಬದಲಿಸುವುದಕ್ಕಲ್ಲ, ರೆಫರಿಯ ಎದ್ದುಕಾಣುವ ತಪ್ಪನ್ನು ತಿದ್ದುವುದಕ್ಕೆ. ಅದೂ ಮುಖ್ಯವಾಗಿ ಗೋಲು, ಪೆನಾಲ್ಟಿ, ನೇರ ರೆಡ್ ಕಾರ್ಡ್ ಮತ್ತು ತಪ್ಪು ಆಟಗಾರನಿಗೆ ಕಾರ್ಡ್ ತೋರಿಸಿದ ಸಂದರ್ಭಗಳಲ್ಲಿ.

ಆಫ್‌ಸೈಡ್, ಅಂದರೆ ಚೆಂಡು ಪಾಸ್ ಆಗುವಾಗ ಆಟಗಾರ ಎದುರಾಳಿ ರಕ್ಷಕರನ್ನು ದಾಟಿ ಮುಂದಿದ್ದನೇ ಎಂಬುದು, ಬಹುಪಾಲು ಅಳತೆಯ ವಿಷಯ. ಫೌಲ್ ಹಾಗಲ್ಲ. ಪೆನಾಲ್ಟಿ ಬಾಕ್ಸಿನಲ್ಲಿ ಕಾಲಿಗೆ ಕಾಲು ಸ್ವಲ್ಪ ತಾಗಿತು ಎನ್ನಿ. ರೆಫರಿ ಪೆನಾಲ್ಟಿ ಕೊಟ್ಟರೆ ವಿಎಆರ್ ‘ಇದು ಸ್ಪಷ್ಟ ತಪ್ಪಲ್ಲ’ ಎಂದು ಒಪ್ಪಿಕೊಳ್ಳಬಹುದು. ಕೊಡದಿದ್ದರೂ ಅದೇ ಕಾರಣಕ್ಕೆ ಸುಮ್ಮನಿರಬಹುದು. ಒಂದೇ ಬಗೆಯ ಡಿಕ್ಕಿಗೆ ಎರಡು ಪಂದ್ಯಗಳಲ್ಲಿ ಎರಡು ತೀರ್ಪು, ಎರಡೂ ನಿಯಮಬದ್ಧ! ಅಭಿಮಾನಿಗಳ ಸಿಟ್ಟಿನ ಬೇರು ಇಲ್ಲಿದೆ, ಮತ್ತು ಆ ಸಿಟ್ಟು ನ್ಯಾಯವಾದದ್ದೇ.

ಯಂತ್ರದ ಹಿಂದಿರುವ ಮನುಷ್ಯರೂ ಎಡವುತ್ತಾರೆ. 2023ರ ಸೆಪ್ಟೆಂಬರ್‌ನಲ್ಲಿ ಟಾಟನ್‌ಹ್ಯಾಮ್ ವಿರುದ್ಧ ಲಿವರ್‌ಪೂಲ್‌ನ ಲೂಯಿಸ್ ಡಿಯಾಸ್ ಹೊಡೆದ ಸರಿಯಾದ ಗೋಲಿಗೆ ಮೈದಾನದಲ್ಲಿ ಆಫ್‌ಸೈಡ್ ಕೊಟ್ಟಿದ್ದರು. ಗೋಲು ಕೊಟ್ಟಿದ್ದಾರೆಂದೇ ತಿಳಿದ ವಿಎಆರ್ ಅಧಿಕಾರಿ ‘ಪರಿಶೀಲನೆ ಮುಗಿಯಿತು’ ಎಂದುಬಿಟ್ಟರು. ತಪ್ಪು ಗೊತ್ತಾಗುವಷ್ಟರಲ್ಲಿ ಆಟ ಮತ್ತೆ ಶುರುವಾದದ್ದರಿಂದ ನಿಯಮದ ಪ್ರಕಾರ ಹಿಂದಿರುಗುವಂತಿರಲಿಲ್ಲ.

ಹೆಸರಿನ ವಿಷಯ: ಇಂಗ್ಲೆಂಡಿನಲ್ಲಿ ಅಕ್ಷರ ಬಿಡಿಸಿ ವಿ-ಎ-ಆರ್ ಎನ್ನುತ್ತಾರೆ, ಸ್ಪೇನಿನಲ್ಲಿ ಒಂದೇ ಪದವಾಗಿ, ಹೆಚ್ಚುಕಡಿಮೆ ‘ಬಾರ್’ ಎಂದು. ಎರಡೂ ಸರಿ.

ಇಷ್ಟೆಲ್ಲ ಜಗಳವಾದರೂ 2024ರ ಜೂನ್‌ನಲ್ಲಿ ವುಲ್ವ್ಸ್ ಕ್ಲಬ್ ವಿಎಆರ್ ರದ್ದತಿಯ ಪ್ರಸ್ತಾವ ತಂದಾಗ ಇಂಗ್ಲೆಂಡಿನ ಪ್ರೀಮಿಯರ್ ಲೀಗಿನ ಉಳಿದ 19 ಕ್ಲಬ್‌ಗಳೂ ವಿಎಆರ್ ಇರಲಿ ಎಂದೇ ಮತ ಹಾಕಿದವು.