ಲಿನಕ್ಸ್ ಪ್ರಶ್ನೋತ್ತರ: ವಿಎಂಗಳ ಡಿಸ್ಕ್ ಮತ್ತು ನೆಟ್‌ವರ್ಕ್

ಈ ಸಲದ ಪ್ರಶ್ನೆಗಳೆಲ್ಲ ಲಿನಕ್ಸ್ ಸರ್ವರ್‌ನಲ್ಲಿ ಕೆವಿಎಂ (ಕರ್ನೆಲ್‌ನ ವರ್ಚುವಲೀಕರಣ ಸೌಲಭ್ಯ) ಮತ್ತು ಲಿಬ್‌ವರ್ಟ್ (ಅದನ್ನು ನಿರ್ವಹಿಸುವ ತಂತ್ರಾಂಶ) ಬಳಸಿ ವರ್ಚುವಲ್ ಮಷೀನ್‌ಗಳನ್ನು, ಅಂದರೆ ಒಂದೇ ಸರ್ವರ್ ಒಳಗೆ ತಂತ್ರಾಂಶದಿಂದ ಸೃಷ್ಟಿಸಿದ ಕಂಪ್ಯೂಟರ್‌ಗಳಾದ ವಿಎಂಗಳನ್ನು, ನಡೆಸುತ್ತಿರುವ ಓದುಗರಿಂದ ಬಂದಿವೆ. 2007ರಲ್ಲಿ 2.6.20ನೇ ಆವೃತ್ತಿಯೊಂದಿಗೆ ಕೆವಿಎಂ ಲಿನಕ್ಸ್ ಕರ್ನೆಲ್‌ನ ಭಾಗವೇ ಆದ ಮೇಲೆ, ಒಂದು ಸಾಧಾರಣ ಸರ್ವರ್ ಇದ್ದವರೂ ಪ್ರತ್ಯೇಕ ಲೈಸೆನ್ಸ್ ಇಲ್ಲದೆ ಹಲವು ವಿಎಂಗಳನ್ನು ನಡೆಸಬಹುದಾಗಿದೆ. ಸಿಪಿಯು, ಮೆಮೊರಿಗಳ ಬಗ್ಗೆ ಯಾರೂ ಕೇಳಿಲ್ಲ. ತೊಂದರೆಗಳೆಲ್ಲ ಡಿಸ್ಕ್ ಮತ್ತು ನೆಟ್‌ವರ್ಕ್‌ನದೇ. ವಿಎಂ ಒಳಗೆ ಕಾಣುವ ಡಿಸ್ಕ್‌ನ, ನೆಟ್‌ವರ್ಕ್ ಕಾರ್ಡ್‌ನ ನಿಜವಾದ ಲೆಕ್ಕ ಇರುವುದು ಹೋಸ್ಟ್‌ನಲ್ಲಿ, ಅಂದರೆ ವಿಎಂಗಳನ್ನು ಹೊತ್ತ ನಿಜವಾದ ಸರ್ವರ್‌ನಲ್ಲಿ. ನಾವು ದೋಷವನ್ನು ಹುಡುಕುವುದು ಮಾತ್ರ ವಿಎಂ ಒಳಗೆ.

ಪ್ರಶ್ನೆ: ನಮ್ಮ ಕಾಲೇಜಿನ ಸರ್ವರ್‌ನಲ್ಲಿ 1 ಟಿಬಿ ಜಾಗವಿದ್ದು, ಎಂಟು ವಿಎಂಗಳಿಗೆ ತಲಾ 200 ಜಿಬಿಯ ಕ್ಯೂಕೌ2 ಡಿಸ್ಕ್ (ಹೋಸ್ಟ್‌ನಲ್ಲಿ ಒಂದು ಕಡತವಾಗಿರುವ ಡಿಸ್ಕ್) ಕೊಟ್ಟಿದ್ದೇವೆ. ಕಳೆದ ವಾರ ಎರಡು ವಿಎಂಗಳು ಒಮ್ಮೆಲೇ ನಿಂತುಹೋದವು. ಪಟ್ಟಿಯಲ್ಲಿ ‘ಪಾಸ್ಡ್’ (ತಾತ್ಕಾಲಿಕವಾಗಿ ನಿಲ್ಲಿಸಲಾಗಿದೆ) ಎಂದು ತೋರಿಸುತ್ತಿತ್ತು. ರೀಸೆಟ್ ಮಾಡಿದೆವು, ಸ್ವಲ್ಪ ಹೊತ್ತಿನಲ್ಲಿ ಮತ್ತೆ ನಿಂತವು. ಎಲ್ಲ ವಿಎಂಗಳ ಒಳಗೂ ಅರ್ಧಕ್ಕಿಂತ ಹೆಚ್ಚು ಜಾಗ ಖಾಲಿ ಇದೆ. ಹೀಗೇಕಾಯಿತು?
— ಓದುಗರೊಬ್ಬರು, ಹಾಸನ

ಉತ್ತರ: ಎಂಟು ವಿಎಂಗಳಿಗೆ ತಲಾ 200 ಜಿಬಿ ಎಂದರೆ 1,600 ಜಿಬಿ ಕೊಡುವುದಾಗಿ ಮಾತು ಕೊಟ್ಟಂತಾಯಿತು, ನಿಮ್ಮ ಕೈಯಲ್ಲಿರುವುದು 1 ಟಿಬಿ. ಕ್ಯೂಕೌ2 ಕಡತವು ಆರಂಭದಲ್ಲಿ ತೀರಾ ಚಿಕ್ಕದಾಗಿದ್ದು, ವಿಎಂ ಬರೆಯುತ್ತಾ ಹೋದಂತೆ ಬೆಳೆಯುವುದರಿಂದ ಮೊದಲ ಕೆಲವು ತಿಂಗಳು ಈ ಕೊರತೆ ಕಾಣುವುದಿಲ್ಲ. ಇನ್ನು ಒಳಗೆ ಅರ್ಧ ಖಾಲಿ ಇದ್ದರೂ ಹೊರಗೆ ತುಂಬಿದ್ದು ಹೇಗೆಂದರೆ, ವಿಎಂ ಒಳಗೆ ಒಂದು ಕಡತವನ್ನು ಅಳಿಸಿದಾಗ ಆ ಸುದ್ದಿ ತಾನಾಗಿಯೇ ಹೋಸ್ಟ್‌ಗೆ ತಲುಪುವುದಿಲ್ಲ. ಒಳಗಿನ ಫೈಲ್‌ಸಿಸ್ಟಂ ತನ್ನ ಪಟ್ಟಿಯಲ್ಲಿ ಆ ಜಾಗ ಬಿಡುವಾಯಿತೆಂದು ಗುರುತು ಮಾಡಿಕೊಳ್ಳುತ್ತದೆ, ಅಷ್ಟೆ. ಒಮ್ಮೆ ಬೆಳೆದ ಕ್ಯೂಕೌ2 ಕಡತ ಹಾಗೆಯೇ ಉಳಿಯುತ್ತದೆ. ಲಾಗ್‌ಗಳನ್ನು ದಿನವೂ ಬರೆದು ಅಳಿಸುವ ವಿಎಂ ಒಂದು ವರ್ಷದಲ್ಲಿ ತನ್ನ ಪೂರ್ತಿ 200 ಜಿಬಿಯನ್ನೂ ಒಮ್ಮೆಯಾದರೂ ಮುಟ್ಟಿರಬಹುದು.

ವಿಎಂ ನಿಂತದ್ದು ಕೆಟ್ಟು ನಿಂತದ್ದಲ್ಲ ಎಂಬುದನ್ನು ಒತ್ತಿ ಹೇಳಬೇಕು. ಹೋಸ್ಟ್‌ನಲ್ಲಿ ಜಾಗವಿಲ್ಲವೆಂಬ ದೋಷ ಬಂದ ಕ್ಷಣ, ಆ ದೋಷವನ್ನು ಒಳಗಿನ ಫೈಲ್‌ಸಿಸ್ಟಂಗೆ ತೋರಿಸಿ ಅದನ್ನು ಗಾಬರಿಗೊಳಿಸುವ ಬದಲು ಕ್ಯೂಎಮು (ವಿಎಂಗಳನ್ನು ನಡೆಸುವ ತಂತ್ರಾಂಶ) ಇಡೀ ವಿಎಂ ಅನ್ನು ಇದ್ದಲ್ಲೇ ನಿಲ್ಲಿಸುತ್ತದೆ. ಲಿಬ್‌ವರ್ಟ್‌ಗೆ ಆದೇಶ ಕೊಡುವ ಉಪಕರಣವಾದ ವರ್ಶ್‌ನ ಡೊಮ್‌ಸ್ಟೇಟ್ ಆದೇಶಕ್ಕೆ ‘ರೀಸನ್’ ಆಯ್ಕೆ ಸೇರಿಸಿ ಕೇಳಿದ್ದರೆ ಐ/ಒ (ಡಿಸ್ಕ್‌ನ ಓದು-ಬರಹ) ದೋಷದಿಂದ ನಿಂತಿದೆ ಎಂದೇ ಅದು ಹೇಳುತ್ತಿತ್ತು. ಇಂಥ ಹೊತ್ತಿನಲ್ಲಿ ರೀಸೆಟ್ ಮಾಡುವುದು ಅತ್ಯಂತ ಹಾನಿಕರ, ಏಕೆಂದರೆ ಮೆಮೊರಿಯಲ್ಲಿ ಸುರಕ್ಷಿತವಾಗಿದ್ದ, ಇನ್ನೂ ಡಿಸ್ಕ್ ಸೇರದ ಬರಹಗಳೆಲ್ಲ ಅದರೊಂದಿಗೆ ಹೋಗುತ್ತವೆ. ಹೋಸ್ಟ್‌ನಲ್ಲಿ ಹಳೆಯ ಐಎಸ್‌ಒ ಕಡತಗಳನ್ನೋ ಬೇಡವಾದ ಲಾಗ್‌ಗಳನ್ನೋ ತೆಗೆದು ಒಂದಿಷ್ಟು ಜಾಗ ಮಾಡಿ, ವರ್ಶ್‌ನಲ್ಲಿ ರೆಸ್ಯೂಮ್ ಆದೇಶ ಕೊಟ್ಟರೆ ವಿಎಂ ನಿಂತಲ್ಲಿಂದಲೇ ಮುಂದುವರಿಯುತ್ತದೆ. ಆದರೆ ಜಾಗ ಮಾಡುವ ಆತುರದಲ್ಲಿ ಇಮೇಜ್ ಫೋಲ್ಡರ್‌ನಲ್ಲಿರುವ, ಹೆಸರು ಗುರುತು ಹತ್ತದ ಕ್ಯೂಕೌ2 ಕಡತಗಳನ್ನು ಅಳಿಸಬೇಡಿ. ಅವುಗಳಲ್ಲಿ ಒಂದು ಇನ್ನೊಂದು ಡಿಸ್ಕ್‌ನ ತಳಹದಿಯಾಗಿದ್ದರೆ ಆ ವಿಎಂ ಮತ್ತೆ ಏಳುವುದಿಲ್ಲ.

ಶಾಶ್ವತ ಪರಿಹಾರಕ್ಕೆ, ವಿಎಂನ ಡಿಸ್ಕ್ ವಿವರಣೆಯಲ್ಲಿ ‘ಡಿಸ್ಕಾರ್ಡ್’ ಎಂಬುದನ್ನು ‘ಅನ್‌ಮ್ಯಾಪ್’ ಎಂದು ಬದಲಿಸಿ, ವಿಎಂ ಅನ್ನು ಪೂರ್ತಿ ಆಫ್ ಮಾಡಿ ಮತ್ತೆ ಆನ್ ಮಾಡಿ. ಒಳಗಿನಿಂದ ರೀಬೂಟ್ ಮಾಡಿದರೆ ಈ ಬದಲಾವಣೆ ಜಾರಿಗೆ ಬರುವುದಿಲ್ಲ. ಆಮೇಲೆ ವಿಎಂ ಒಳಗೆ ಎಫ್‌ಎಸ್‌ಟ್ರಿಮ್ ನಡೆಸಿದರೆ ಬಿಡುವಾದ ಜಾಗವೆಲ್ಲ ಹೋಸ್ಟ್‌ಗೆ ಹಿಂದಿರುಗುತ್ತದೆ. ಉಬುಂಟುವಿನಲ್ಲಿ ಇದನ್ನು ವಾರಕ್ಕೊಮ್ಮೆ ನಡೆಸುವ ಟೈಮರ್ ಮೊದಲೇ ಇರುತ್ತದೆ. ವಿಎಂಗೆ ಡಿಸ್ಕ್ ಜೋಡಿಸುವ ವಿಧಗಳಲ್ಲಿ ಒಂದಾದ ವರ್ಟಿಯೊ-ಬ್ಲಾಕ್‌ಗೆ ಈ ಸೌಲಭ್ಯ ಬಂದದ್ದು ಕ್ಯೂಎಮು 4.0 ಮತ್ತು ಲಿನಕ್ಸ್ 5.0ರಿಂದ, ವಿಎಂ ಒಳಗಿನ ಕರ್ನೆಲ್ ಅದಕ್ಕಿಂತ ಹಳೆಯದಾದರೆ ವರ್ಟಿಯೊ-ಸ್ಕಸಿ ಎಂಬ ಇನ್ನೊಂದು ವಿಧಕ್ಕೆ ಬದಲಿಸಿಕೊಳ್ಳಿ.

ಪ್ರತಿ ವಿಎಂ ನಿಜಕ್ಕೂ ಎಷ್ಟು ತಿಂದಿದೆ ಎಂದು ನೋಡಲು ವರ್ಶ್‌ನ ಡೊಮ್‌ಬ್ಲಾಕ್‌ಇನ್ಫೊ ಆದೇಶವಿದೆ. ಅದು ತೋರಿಸುವ ಕೆಪಾಸಿಟಿ ನೀವು ಕೊಟ್ಟ ಮಾತು, ಅಲೊಕೇಶನ್ ಈಗಾಗಲೇ ಸಲ್ಲಿಸಿದ ಪಾಲು. ಇರುವುದಕ್ಕಿಂತ ಹೆಚ್ಚು ಹಂಚುವುದು ತಪ್ಪೆಂದು ನಾನು ಹೇಳುವುದಿಲ್ಲ, ಆದರೆ ಹಾಗೆ ಹಂಚಿದವರು ಹೋಸ್ಟ್‌ನ ಡಿಸ್ಕ್ ಶೇ 80 ತುಂಬಿದಾಗ ಮೊಬೈಲ್‌ಗೆ ಎಚ್ಚರಿಕೆ ಬರುವ ವ್ಯವಸ್ಥೆಯನ್ನು ಮೊದಲು ಮಾಡಿಕೊಂಡಿರಬೇಕು. ಪರೀಕ್ಷಾ ಅಂಕಗಳಂಥ ದತ್ತಾಂಶವಿರುವ ವಿಎಂಗೆ ಮಾತ್ರ ಡಿಸ್ಕ್ ರಚಿಸುವಾಗಲೇ ಪೂರ್ತಿ ಜಾಗ ಕಾಯ್ದಿರಿಸಿ, ಅದಕ್ಕೆ ಮೇಲೆ ಹೇಳಿದ ಡಿಸ್ಕಾರ್ಡ್ ಸೌಲಭ್ಯವನ್ನು ಕೊಡಬೇಡಿ. ಕೊಟ್ಟರೆ ಕಾಯ್ದಿರಿಸಿದ ಜಾಗವೂ ಬಿಟ್ಟುಹೋಗುತ್ತದೆ.

ಎಲ್‌ವಿಎಂ ಥಿನ್ ಪೂಲ್ (ಬರೆದಂತೆಲ್ಲ ಮಾತ್ರ ಜಾಗ ಕೊಡುವ ಸಾಮೂಹಿಕ ಡಿಸ್ಕ್ ಸಂಗ್ರಹ) ಬಳಸುವವರಿಗೂ ಒಂದು ಮಾತು. ಪೂಲ್ ತುಂಬಿದಾಗ ಕರ್ನೆಲ್ ಬರಹಗಳನ್ನು 60 ಸೆಕೆಂಡು ತಡೆದಿಟ್ಟು ಆಮೇಲೆ ದೋಷ ಹಿಂದಿರುಗಿಸುತ್ತದೆ. ಪೂಲನ್ನು ತಾನಾಗಿ ಹಿಗ್ಗಿಸುವ ಮಿತಿ ಸಾಮಾನ್ಯವಾಗಿ 100 ಎಂದಿರುತ್ತದೆ, ಅಂದರೆ ಹಿಗ್ಗಿಸಲೇಬೇಡ ಎಂದರ್ಥ. ಅದನ್ನು 70ಕ್ಕೆ ಇಳಿಸಿ, ವಾಲ್ಯೂಮ್ ಗ್ರೂಪ್‌ನಲ್ಲಿ (ಪೂಲ್ ಇರುವ ಒಟ್ಟು ಡಿಸ್ಕ್ ಜಾಗದಲ್ಲಿ) ಹಿಗ್ಗಲು ಜಾಗವನ್ನೂ ಉಳಿಸಿಡಿ. ಪೂಲ್‌ನ ಮೆಟಾಡೇಟಾ (ಯಾವ ದತ್ತಾಂಶ ಎಲ್ಲಿದೆ ಎಂಬ ಪಟ್ಟಿ) ಭಾಗದ ಲೆಕ್ಕ ಬೇರೆಯೇ. ದತ್ತಾಂಶಕ್ಕೆ ಜಾಗವಿದ್ದರೂ ಅದು ತುಂಬಿದರೆ ಪೂಲ್ ನಿಲ್ಲುತ್ತದೆ.

ಪ್ರಶ್ನೆ: ಡಿಸ್ಕ್‌ನ ಕ್ಯಾಶ್ ಆಯ್ಕೆಯನ್ನು ‘ಅನ್‌ಸೇಫ್’ ಎಂದು ಇಟ್ಟ ಮೇಲೆ ನಮ್ಮ ಡೇಟಾಬೇಸ್ ವಿಎಂನ ವೇಗ ಬಹಳ ಹೆಚ್ಚಿದೆ. ಹಾಗೆಯೇ ಬಿಡಬಹುದೇ?
— ಓದುಗರೊಬ್ಬರು, ಹುಬ್ಬಳ್ಳಿ

ಉತ್ತರ: ದಯವಿಟ್ಟು ಇಂದೇ ಬದಲಿಸಿ. ಡೇಟಾಬೇಸ್ ಒಂದು ವ್ಯವಹಾರವನ್ನು ಮುಗಿಸಿದಾಗ ‘ಇದು ಡಿಸ್ಕ್ ಸೇರಿತೇ’ ಎಂದು ಕೇಳುತ್ತದೆ. ಅನ್‌ಸೇಫ್ ಆಯ್ಕೆಯಲ್ಲಿ ಬರಹ ಇನ್ನೂ ಹೋಸ್ಟ್‌ನ ಮೆಮೊರಿಯಲ್ಲೇ ಇದ್ದರೂ ‘ಸೇರಿತು’ ಎಂಬ ಉತ್ತರ ಹೋಗುತ್ತದೆ. ಯುಪಿಎಸ್ ಕೈಕೊಟ್ಟ ಒಂದು ದಿನ ಸಾಕು, ಡೇಟಾಬೇಸ್ ಸರಿಪಡಿಸಲಾಗದಂತೆ ಹಾಳಾಗುತ್ತದೆ. ಕ್ಯಾಶ್ ಆಯ್ಕೆಯನ್ನು ‘ನನ್’ (ಯಾವುದೂ ಬೇಡ) ಎಂದಿಡಿ. ಆಗ ಹೋಸ್ಟ್‌ನ ಪೇಜ್ ಕ್ಯಾಶ್ (ಮೆಮೊರಿಯಲ್ಲಿನ ತಾತ್ಕಾಲಿಕ ಸಂಗ್ರಹ) ಮಾತ್ರ ಬಿಟ್ಟುಹೋಗುತ್ತದೆ, ಡೇಟಾಬೇಸ್ ಕೇಳುವ ಖಾತರಿ ಉಳಿಯುತ್ತದೆ. ಅದರಿಂದ ವೇಗ ಸಾಲದಾದರೆ ಒಳ್ಳೆಯ ಎಸ್‌ಎಸ್‌ಡಿ ಕೊಳ್ಳುವುದೇ ಪ್ರಾಮಾಣಿಕ ಪರಿಹಾರ.

ಪ್ರಶ್ನೆ: ನಮ್ಮ ಕಚೇರಿಯ ಸರ್ವರ್‌ನಲ್ಲಿ ಬ್ರಿಡ್ಜ್ ಮೂಲಕ ವಿಎಂಗಳು ಎರಡು ವರ್ಷ ಚೆನ್ನಾಗಿ ನಡೆದವು. ಅದೇ ಸರ್ವರ್‌ನಲ್ಲಿ ಡಾಕರ್ (ಕಂಟೇನರ್ ಎಂಬ ಪ್ರತ್ಯೇಕ ಆವರಣಗಳಲ್ಲಿ ತಂತ್ರಾಂಶ ನಡೆಸುವ ಉಪಕರಣ) ಹಾಕಿದ ದಿನದಿಂದ ಕಚೇರಿಯ ಬೇರೆ ಕಂಪ್ಯೂಟರ್‌ಗಳಿಂದ ವಿಎಂಗಳನ್ನು ತಲುಪಲಾಗುತ್ತಿಲ್ಲ. ಹೋಸ್ಟ್‌ನಿಂದ ಪಿಂಗ್ ಮಾಡಿದರೆ ಮಾತ್ರ ಉತ್ತರ ಬರುತ್ತದೆ. ಕೇಬಲ್, ಸ್ವಿಚ್ ಎಲ್ಲ ಬದಲಿಸಿ ನೋಡಿದೆವು.
— ಓದುಗರೊಬ್ಬರು, ಮಂಗಳೂರು

ಉತ್ತರ: ಕೇಬಲ್ ಮತ್ತು ಸ್ವಿಚ್ ನಿರ್ದೋಷಿಗಳು. ಲಿನಕ್ಸ್ ಬ್ರಿಡ್ಜ್ ಎಂಬುದು ಸರ್ವರ್ ಒಳಗಿರುವ ಸ್ವಿಚ್ಚೇ ಆಗಿದ್ದು, ಎಂಎಸಿ ವಿಳಾಸ (ನೆಟ್‌ವರ್ಕ್ ಕಾರ್ಡ್‌ನ ಗುರುತು) ನೋಡಿ ಪ್ಯಾಕೆಟ್‌ಗಳನ್ನು ದಾಟಿಸುವುದಷ್ಟೇ ಅದರ ಕೆಲಸವಾದ್ದರಿಂದ, ಐಪಿ ಮಟ್ಟದ ಫೈರ್‌ವಾಲ್‌ಗೂ ಅದಕ್ಕೂ ಸಂಬಂಧವಿರಬಾರದು ಎಂದು ಯಾರಾದರೂ ಊಹಿಸುತ್ತಾರೆ. ಆದರೆ ಬಿಆರ್-ನೆಟ್‌ಫಿಲ್ಟರ್ ಎಂಬ ಕರ್ನೆಲ್ ಮಾಡ್ಯೂಲ್ ಸೇರಿದೊಡನೆ, ಬ್ರಿಡ್ಜ್ ದಾಟುವ ಪ್ಯಾಕೆಟ್‌ಗಳೂ ಲಿನಕ್ಸ್ ಫೈರ್‌ವಾಲ್ ಆದ ಐಪಿಟೇಬಲ್ಸ್‌ನ ಫಾರ್ವರ್ಡ್ ಸರಪಳಿಯನ್ನು, ಅಂದರೆ ದಾಟಿಹೋಗುವ ಪ್ಯಾಕೆಟ್‌ಗಳ ನಿಯಮಪಟ್ಟಿಯನ್ನು, ಹಾದುಹೋಗಬೇಕಾಗುತ್ತದೆ. ಡಾಕರ್ ತನ್ನ ಕಂಟೇನರ್‌ಗಳಿಗಾಗಿ ಈ ಮಾಡ್ಯೂಲನ್ನು ಎಬ್ಬಿಸುತ್ತದೆ. ಭದ್ರತೆಯ ಕಾರಣಕ್ಕೆ ಫಾರ್ವರ್ಡ್ ಸರಪಳಿಯ ಮೂಲ ನಿಯಮವನ್ನು ‘ಡ್ರಾಪ್’ ಎಂದೂ ಬದಲಿಸುತ್ತದೆ. ಎರಡೂ ಕೂಡಿದಾಗ ನಿಮ್ಮ ವಿಎಂಗಳಿಗೆ ಬರುವ ಪ್ಯಾಕೆಟ್‌ಗಳು ಸದ್ದಿಲ್ಲದೆ ಬಿದ್ದುಹೋಗುತ್ತವೆ. ಹೋಸ್ಟ್‌ನಿಂದ ಹೊರಡುವ ಪಿಂಗ್ ಫಾರ್ವರ್ಡ್ ಸರಪಳಿಯನ್ನು ಮುಟ್ಟದೆ ಔಟ್‌ಪುಟ್ ಸರಪಳಿಯಿಂದ ಹೋಗುವುದರಿಂದ ಅದೊಂದು ಮಾತ್ರ ಉಳಿಯಿತು.

ರೋಗನಿರ್ಣಯಕ್ಕೆ ಎರಡು ಗುರುತುಗಳಿವೆ. ಹೊರಗಿನ ಕಂಪ್ಯೂಟರ್‌ನಲ್ಲಿ ನೋಡಿದರೆ ಎಆರ್‌ಪಿ ಪಟ್ಟಿಯಲ್ಲಿ (ಯಾವ ಐಪಿಗೆ ಯಾವ ಎಂಎಸಿ ಎಂಬ ಪಟ್ಟಿಯಲ್ಲಿ) ವಿಎಂನ ಎಂಎಸಿ ವಿಳಾಸ ಕಾಣುತ್ತದೆ, ಪಿಂಗ್‌ಗೆ ಮಾತ್ರ ಉತ್ತರವಿರುವುದಿಲ್ಲ; ಅಂದರೆ ದಾರಿ ಸರಿಯಿದೆ, ಕಾವಲುಗಾರ ತಡೆಯುತ್ತಿದ್ದಾನೆ. ಹೋಸ್ಟ್‌ನಲ್ಲಿ ಫಾರ್ವರ್ಡ್ ಸರಪಳಿಯ ಎಣಿಕೆ ನೋಡಿದರೆ, ನೀವು ಪಿಂಗ್ ಕಳಿಸಿದಷ್ಟೂ ಡ್ರಾಪ್ ಸಂಖ್ಯೆ ಏರುತ್ತದೆ.

ಪರಿಹಾರವಾಗಿ ಬ್ರಿಡ್ಜ್‌ನ ಪ್ಯಾಕೆಟ್‌ಗಳು ಐಪಿಟೇಬಲ್ಸ್‌ಗೆ ಹೋಗದಂತೆ ಸಿಸ್‌ಸಿಟಿಎಲ್ (ಕರ್ನೆಲ್ ಸೆಟ್ಟಿಂಗ್ ಬದಲಿಸುವ ಆದೇಶ) ಮೂಲಕ ತಡೆಯಿರಿ ಎಂಬ ಸಲಹೆ ನಿಮಗೆ ಹಲವೆಡೆ ಸಿಗುತ್ತದೆ. ಆ ಸೆಟ್ಟಿಂಗ್ ಡಾಕರ್‌ನ ಸ್ವಂತ ಬ್ರಿಡ್ಜ್‌ಗಳಿಗೂ ಅನ್ವಯಿಸುವುದರಿಂದ ಕಂಟೇನರ್‌ಗಳ ನಡುವಿನ ನಿಯಮಗಳು ಕೆಡುತ್ತವೆ, ಆದ್ದರಿಂದ ನಾನು ಅದನ್ನು ಹೇಳುವುದಿಲ್ಲ. ಬಳಕೆದಾರರ ನಿಯಮಗಳಿಗೆಂದೇ ಡಾಕರ್ ‘ಡಾಕರ್-ಯೂಸರ್’ ಎಂಬ ಸರಪಳಿಯನ್ನು ಬಿಟ್ಟಿದೆ. ನಿಮ್ಮ ಬ್ರಿಡ್ಜ್‌ನಿಂದ ಬಂದು ಅದೇ ಬ್ರಿಡ್ಜ್‌ನಿಂದ ಹೋಗುವ ಪ್ಯಾಕೆಟ್‌ಗಳಿಗೆ ಅನುಮತಿ ಕೊಡುವ ಒಂದೇ ಒಂದು ನಿಯಮವನ್ನು ಅಲ್ಲಿ ಸೇರಿಸಿ, ರೀಬೂಟ್ ಆದ ಮೇಲೂ ಉಳಿಯುವಂತೆ ಮಾಡಿ. ಸಾಧ್ಯವಾದರೆ ಇನ್ನೂ ಮುಂದೆ ಹೋಗಿ ಡಾಕರ್‌ಗೆ ಪ್ರತ್ಯೇಕವಾದ ಒಂದು ವಿಎಂ ಕೊಟ್ಟುಬಿಡಿ. ವಿಎಂಗಳನ್ನು ಹೊತ್ತ ಹೋಸ್ಟ್‌ನಲ್ಲಿ ಬೇರೆ ಕೆಲಸ ಕಡಿಮೆ ಇದ್ದಷ್ಟೂ ಮಧ್ಯರಾತ್ರಿಯ ಫೋನ್ ಕರೆಗಳು ಕಡಿಮೆಯಾಗುತ್ತವೆ ಎಂಬುದು ನನ್ನ ಅನುಭವ.

ಪ್ರಶ್ನೆ: ನಾನು ಎಂಜಿನಿಯರಿಂಗ್ ವಿದ್ಯಾರ್ಥಿ. ಲ್ಯಾಪ್‌ಟಾಪ್‌ನಲ್ಲಿರುವ ವಿಎಂಗೆ 192.168.122ರಿಂದ ಆರಂಭವಾಗುವ ವಿಳಾಸ ಬರುತ್ತದೆ, ಗೆಳೆಯನ ಕಂಪ್ಯೂಟರ್‌ನಿಂದ ಅದನ್ನು ತಲುಪಲಾಗುವುದಿಲ್ಲ. ವೈಫೈಯನ್ನು ಬ್ರಿಡ್ಜ್‌ಗೆ ಸೇರಿಸಲು ಹೋದರೆ ಆಗುತ್ತಿಲ್ಲ.
— ವಿದ್ಯಾರ್ಥಿನಿ, ಕಲಬುರಗಿ

ಉತ್ತರ: ಆ ವಿಳಾಸ ಲಿಬ್‌ವರ್ಟ್‌ನ ಡೀಫಾಲ್ಟ್ ನೆಟ್‌ವರ್ಕ್‌ನದು. ಅದು ನ್ಯಾಟ್ ವ್ಯವಸ್ಥೆ: ಒಳಗಿನವರು ಹೊರಗೆ ಹೋಗಬಹುದು, ಹೊರಗಿನವರು ತಾವಾಗಿ ಒಳಗೆ ಬರಲಾರರು. ವೈಫೈ ಬ್ರಿಡ್ಜ್‌ಗೆ ಸೇರದಿರುವುದು ನಿಮ್ಮ ತಪ್ಪಲ್ಲ. ಲ್ಯಾಪ್‌ಟಾಪ್‌ನಿಂದ ಆಕ್ಸೆಸ್ ಪಾಯಿಂಟ್‌ಗೆ ಹೋಗುವ ಸಾಮಾನ್ಯ ವೈಫೈ ಫ್ರೇಮ್‌ನಲ್ಲಿ ಮೂರೇ ವಿಳಾಸಗಳಿಗೆ ಸ್ಥಳವಿದ್ದು, ಕಳಿಸುವ ರೇಡಿಯೊದ ಹಿಂದೆ ಇನ್ನೊಬ್ಬರಿದ್ದಾರೆ ಎಂದು ಹೇಳಲು ಅವಕಾಶವೇ ಇಲ್ಲ. ತನ್ನೊಂದಿಗೆ ನೋಂದಾಯಿಸಿಕೊಳ್ಳದ ಎಂಎಸಿ ವಿಳಾಸವನ್ನು ಆಕ್ಸೆಸ್ ಪಾಯಿಂಟ್ ಒಪ್ಪುವುದಿಲ್ಲ. ಹಾಗಾಗಿ ವೈಫೈಯಲ್ಲಿ ಹೋಸ್ಟ್‌ನ ಒಂದು ಪೋರ್ಟನ್ನು ವಿಎಂಗೆ ಫಾರ್ವರ್ಡ್ ಮಾಡುವುದೇ ಸುಲಭ.

ತಂತಿಯ ಈಥರ್ನೆಟ್ ಇದ್ದರೆ ಬ್ರಿಡ್ಜ್ ಮಾಡಿಕೊಳ್ಳಿ, ಆದರೆ ಐಪಿ ವಿಳಾಸ ಕಾರ್ಡ್‌ನ ಮೇಲಿರಬಾರದು, ಬ್ರಿಡ್ಜ್‌ಗೆ ಹೋಗಬೇಕು. ದೂರದ ಸರ್ವರ್‌ನಲ್ಲಿ ಇದನ್ನು ಎಸ್‌ಎಸ್‌ಎಚ್ (ದೂರದಿಂದ ಲಾಗಿನ್) ಮೂಲಕ ಮಾಡುವವರು ತಪ್ಪಿದರೆ ತಮ್ಮನ್ನೇ ಹೊರಗೆ ಹಾಕಿಕೊಳ್ಳುತ್ತಾರೆ. ಉಬುಂಟುವಿನಲ್ಲಿ ನೆಟ್‌ವರ್ಕ್ ಹೊಂದಿಸುವ ಉಪಕರಣವಾದ ನೆಟ್‌ಪ್ಲಾನ್‌ನ ‘ಟ್ರೈ’ ಆದೇಶ 120 ಸೆಕೆಂಡಿನೊಳಗೆ ನೀವು ಒಪ್ಪಿಗೆ ಕೊಡದಿದ್ದರೆ ಹಳೆಯ ಸ್ಥಿತಿಗೆ ತರುತ್ತದೆ; ಆದರೆ ಬ್ರಿಡ್ಜ್‌ಗೆ ವಿಶೇಷ ನಿಯತಾಂಕಗಳನ್ನು ಕೊಟ್ಟಿದ್ದರೆ ಅದಕ್ಕೆ ಹಿಂದಿರುಗಿಸಲು ಆಗುವುದಿಲ್ಲ. ಕನ್ಸೋಲ್ ಕೈಗೆ ಸಿಗುವಂತಿರುವಾಗಲೇ ಈ ಕೆಲಸಕ್ಕೆ ಕೈಹಾಕಿ.

ಪ್ರಶ್ನೆ: ಒಂದು ಉಬುಂಟು ವಿಎಂನ ಡಿಸ್ಕ್ ನಕಲು ಮಾಡಿ ಐದು ವಿಎಂ ಮಾಡಿದೆ. ಎಂಎಸಿ ವಿಳಾಸಗಳು ಬೇರೆಬೇರೆ ಇದ್ದರೂ ಐದಕ್ಕೂ ಡಿಎಚ್‌ಸಿಪಿಯಿಂದ (ಐಪಿ ವಿಳಾಸ ಹಂಚುವ ಸೇವೆಯಿಂದ) ಒಂದೇ ಐಪಿ ಬರುತ್ತಿದೆ!
— ಓದುಗರೊಬ್ಬರು, ಮೈಸೂರು

ಉತ್ತರ: ಉಬುಂಟು ಸರ್ವರ್‌ನ ನೆಟ್‌ವರ್ಕ್ ಸೇವೆ ಡಿಎಚ್‌ಸಿಪಿಗೆ ತನ್ನ ಗುರುತಾಗಿ ಕೊಡುವುದು ಎಂಎಸಿಯನ್ನಲ್ಲ, ಮಷೀನ್-ಐಡಿಯಿಂದ (ಡಿಸ್ಕ್‌ನಲ್ಲಿರುವ ಯಂತ್ರದ ಗುರುತಿನಿಂದ) ಹುಟ್ಟಿದ ಸಂಖ್ಯೆಯನ್ನು. ಡಿಸ್ಕ್‌ನೊಂದಿಗೆ ಅದೂ ನಕಲಾಗಿದೆ. ಮೂಲ ವಿಎಂ ಆಫ್ ಆಗಿರುವಾಗ ವರ್ಟ್-ಸಿಸ್‌ಪ್ರೆಪ್ ನಡೆಸಿ ಆಮೇಲೆ ನಕಲು ಮಾಡಿ. ಅದು ಮಷೀನ್-ಐಡಿಯ ಜೊತೆಗೆ ಎಸ್‌ಎಸ್‌ಎಚ್ ಹೋಸ್ಟ್ ಕೀಲಿಗಳನ್ನೂ ಅಳಿಸುತ್ತದೆ. ಐದು ಯಂತ್ರಗಳಿಗೆ ಒಂದೇ ಕೀಲಿ ಇರುವುದು ಐಪಿ ಘರ್ಷಣೆಗಿಂತ ದೊಡ್ಡ ದೋಷ. ನಕಲು ಮೊದಲ ಸಲ ಎದ್ದಾಗ ಹೊಸ ಕೀಲಿಗಳು ಹುಟ್ಟಿದವೇ ಎಂದು ಕನ್ಸೋಲ್‌ನಲ್ಲಿ ನೋಡಿಕೊಳ್ಳಿ.

ಪ್ರಶ್ನೆ: ದಿನಕ್ಕೊಂದು ಸ್ನ್ಯಾಪ್‌ಶಾಟ್ (ಡಿಸ್ಕ್‌ನ ಆ ಕ್ಷಣದ ಸ್ಥಿತಿ) ತೆಗೆಯುತ್ತೇವೆ, ರೇಡ್ ಕೂಡ ಇದೆ. ಬೇರೆ ಬ್ಯಾಕಪ್ ಬೇಕೇ?
— ಓದುಗರೊಬ್ಬರು, ಶಿವಮೊಗ್ಗ

ಉತ್ತರ: ಬೇಕು. ಸ್ನ್ಯಾಪ್‌ಶಾಟ್ ಇರುವುದು ಅದೇ ಡಿಸ್ಕ್‌ನಲ್ಲಿ, ಅದೇ ಸರ್ವರ್‌ನಲ್ಲಿ. ಒಂದು ಡಿಸ್ಕ್ ಕೆಟ್ಟರೂ ಕೆಲಸ ನಿಲ್ಲದಂತೆ ರೇಡ್ ನೋಡಿಕೊಳ್ಳುತ್ತದೆ, ಆದರೆ ತಪ್ಪಾಗಿ ಅಳಿಸಿದ್ದನ್ನು ಅಷ್ಟೇ ನಿಷ್ಠೆಯಿಂದ ಎರಡೂ ಡಿಸ್ಕ್‌ಗಳಿಂದ ಅಳಿಸುತ್ತದೆ. ಹೊಸ ಬರಹಗಳನ್ನು ಬೇರೆ ಕಡತಕ್ಕೆ ಕಳಿಸುವ ‘ಹೊರಗಿನ’ ಸ್ನ್ಯಾಪ್‌ಶಾಟ್ ದಿನಕ್ಕೊಂದರಂತೆ ತೆಗೆದರೆ ಮೂವತ್ತು ದಿನಕ್ಕೆ ಮೂವತ್ತು ಕಡತಗಳ ಸರಪಳಿಯಾಗುತ್ತದೆ. ನಡುವಿನ ಒಂದು ಕಳೆದರೆ ಅದರ ಮೇಲಿನದೆಲ್ಲವೂ ವ್ಯರ್ಥ.

ಸ್ನ್ಯಾಪ್‌ಶಾಟನ್ನು ಬ್ಯಾಕಪ್‌ನ ಒಂದು ಮೆಟ್ಟಿಲಾಗಿ ಬಳಸಿ. ವಿಎಂ ಒಳಗೆ ಕ್ಯೂಎಮು ಗೆಸ್ಟ್ ಏಜೆಂಟ್ (ಹೋಸ್ಟ್‌ನ ಮಾತು ಕೇಳುವ ಚಿಕ್ಕ ಸೇವೆ) ಹಾಕಿಕೊಂಡರೆ ಸ್ನ್ಯಾಪ್‌ಶಾಟ್ ತೆಗೆಯುವ ಕ್ಷಣದಲ್ಲಿ ಫೈಲ್‌ಸಿಸ್ಟಂ ಅನ್ನು ತಡೆಹಿಡಿದು ಸುಸಂಗತ ಸ್ಥಿತಿಯಲ್ಲಿಡಬಹುದು. ಹೊಸ ಬರಹಗಳು ಮೇಲಿನ ಕಡತಕ್ಕೆ ಹೋಗುತ್ತಿರುವಾಗ, ಅಲುಗದೆ ನಿಂತ ಮೂಲ ಕಡತವನ್ನು ಬೇರೆ ಕಟ್ಟಡದಲ್ಲಿರುವ ಯಂತ್ರಕ್ಕೆ ನಕಲಿಸಿ, ಆಮೇಲೆ ಬ್ಲಾಕ್‌ಕಮಿಟ್ ಮೂಲಕ ಮೇಲಿನದನ್ನು ಮೂಲದೊಳಗೆ ವಿಲೀನಗೊಳಿಸಿ. ಓಡುತ್ತಿರುವ ವಿಎಂನ ಡಿಸ್ಕ್‌ಗೆ ಕ್ಯೂಎಮು-ಇಮೇಜ್ ಉಪಕರಣದಿಂದ ಸ್ನ್ಯಾಪ್‌ಶಾಟ್ ತೆಗೆಯಲು ಎಂದೂ ಹೋಗಬೇಡಿ, 2.10ನೇ ಆವೃತ್ತಿಯಿಂದ ಕ್ಯೂಎಮು ಕಡತಕ್ಕೆ ಬೀಗ ಹಾಕುವುದೇ ಇಂಥ ಹಾನಿ ತಪ್ಪಿಸಲು.

ತಿಂಗಳಿಗೊಮ್ಮೆ ಆ ಬ್ಯಾಕಪ್‌ನಿಂದ ಒಂದು ವಿಎಂ ಎಬ್ಬಿಸಿ ನೋಡಿ. ಅದನ್ನು ಕಚೇರಿಯ ಬ್ರಿಡ್ಜ್‌ಗೆ ಸೇರಿಸಿದರೆ ಅಸಲು ವಿಎಂನ ಐಪಿಯೊಂದಿಗೆ ಘರ್ಷಣೆಯಾಗುತ್ತದೆ, ಇನ್ನೂ ಕೆಟ್ಟದೆಂದರೆ ಗ್ರಾಹಕರಿಗೆ ಹಳೆಯ ಇಮೇಲ್‌ಗಳು ಮತ್ತೆ ಹೋಗಬಹುದು. ಆದ್ದರಿಂದ ಲಿಬ್‌ವರ್ಟ್‌ನಲ್ಲಿ ಹೊರಗಿನ ದಾರಿಯೇ ಇಲ್ಲದ ಪ್ರತ್ಯೇಕ ನೆಟ್‌ವರ್ಕ್ ಒಂದನ್ನು ರಚಿಸಿ, ಪರೀಕ್ಷೆಯ ವಿಎಂಗೆ ಅದನ್ನು ಮಾತ್ರ ಕೊಟ್ಟು, ಹೋಸ್ಟ್‌ನ ಕನ್ಸೋಲ್‌ನಿಂದ ಒಳಗೆ ಹೋಗಿ ಡೇಟಾಬೇಸ್‌ನಲ್ಲಿ ಹಿಂದಿನ ದಿನದ ಕೊನೆಯ ನಮೂದು ಇದೆಯೇ ಎಂದು ಕಣ್ಣಾರೆ ನೋಡಿ.